ಸುಣ್ಣ ಕಾಣುವ ಗೋಡೆ

ಪೇಂಟರ್ ಚೌಡ ಗೋಡೆಯ ಮೇಲೆ ಎರಡು ಬಣ್ಣ ಬಳಿದು ತೋರಿಸಿದ. ಒಂದು ಕೆನೆಬಿಳಿ, ಇನ್ನೊಂದು ತೆಳುಬೂದಿ. ಯಲ್ಲಾಪುರದ ಹೆದ್ದಾರಿಗೆ ಮುಖ ಮಾಡಿದ ಮನೆ. ಲಾರಿಗಳ ಧೂಳಿಗೆ ಯಾವುದಾದರೂ ಅಷ್ಟೇ ಎಂದು ಕಮಲಾಕರ ಹೆಂಡತಿ ಸೀತಾಳಿಗೆ ಬಿಟ್ಟು ಅಂಗಡಿಗೆ ಹೋದ. ಅವನ ಅಣ್ಣ ನಾಗಪತಿ ಮಾತ್ರ ಮಂಚಿಕೇರಿಯಿಂದ ಫೋನು ಮಾಡಿ, ಶುಭಕಾರ್ಯದ ಮನೆಗೆ ಬೂದಿ ಬೇಡ, ಕೆನೆಬಿಳಿಯೇ ಆಗಲಿ ಎಂದಿದ್ದ.

ಸೀತಾ ಎಲೆಯಡಿಕೆ ಕವಳದ ಬಟ್ಟಲಿನಿಂದ ಸುಣ್ಣ ತೆಗೆದು ಎರಡರ ಮೇಲೂ ಒಂದೊಂದು ಗೆರೆ ಎಳೆದಳು. ಒಣಗುವವರೆಗೆ ಕಾದಳು.

ಹಿಂದಿನ ಬೇಸಿಗೆಯಲ್ಲಿ ಮಗಳು ಸ್ಫೂರ್ತಿಯನ್ನು ನೋಡಲು ಗಂಡಿನವರು ಬಂದಿದ್ದರು. ಬೆಂಚಿನ ಹಿಂದೆ, ಆಗಿನ ಹಳದಿ ಗೋಡೆಯ ತುಂಬ ಸುಣ್ಣದ ಬೆರಳಿನ ಗುರುತು. ಹುಡುಗನ ತಂದೆ ಅದನ್ನೇ ನೋಡುತ್ತಿದ್ದ. ಬಂದಾಗಲೆಲ್ಲ ಅಲ್ಲಿ ಬೆರಳು ಒರೆಸಿದ್ದ ನಾಗಪತಿಯೇ ಸೀತಾಳ ತಾಯಿಯತ್ತ ಕೈ ತೋರಿ, "ಗೌರಕ್ಕ ಬಂದು ಉಳದ್ರೆ ಗೋಡೆಗೂ ಕವಳ ತಿನ್ನಿಸ್ತು" ಎಂದ. ಎಲ್ಲರೂ ನಕ್ಕರು. ವೀಳ್ಯದೆಲೆಯ ತೊಟ್ಟಿಗೇ ಬೆರಳು ಒರೆಸುವ ಗೌರಕ್ಕ ಅಂದೇ ಸಂಜೆಯ ಬಸ್ಸಿಗೆ ಮಾಗೋಡಿಗೆ ಹೋದಳು. ಮತ್ತೆ ಬರಲಿಲ್ಲ. ಕವಳವನ್ನೂ ಬಿಟ್ಟಳಂತೆ.

ಕೆನೆಬಿಳಿಯಲ್ಲಿ ಗೆರೆ ಕರಗಿಹೋಯಿತು. ಬೂದಿಯ ಮೇಲೆ ಎದ್ದು ನಿಂತಿತು.

"ಬೂದಿ ಬ್ಯಾಡ ಅಮ್ಮ, ಸುಣ್ಣ ತಾಗಿದ್ರೆ ದೂರದಿಂದ್ಲೇ ಕಾಣ್ತದೆ," ಎಂದ ಚೌಡ.

"ಕಾಣ್ಲಿ ಅಂತ್ಲೇ. ಬೆಂಚಿನ ಹಿಂದೆ ಎರಡು ಕೋಟು ಹೊಡಿ."

ಅದೇ ಹುಡುಗನೊಂದಿಗಿನ ನಿಶ್ಚಿತಾರ್ಥಕ್ಕೆ ಸೀತಾ ತಾನೇ ಮಾಗೋಡಿಗೆ ಹೋಗಿ, ಕಾಡಿಬೇಡಿ ತಾಯಿಯನ್ನು ಕರೆತಂದು ಬೆಂಚಿನ ಎದುರಿಗೆ ಕೂರಿಸಿದಳು. ನಾಗಪತಿ ಬಣ್ಣ ನೋಡಿ ಮುಖ ಸಿಂಡರಿಸಿದರೂ ಬೆಂಚಿನ ಮೇಲಿನ ತನ್ನ ಜಾಗ ಬಿಡಲಿಲ್ಲ. ಕವಳದ ತಟ್ಟೆಯನ್ನು ಸೀತಾ ಮೊದಲು ಅವನ ಮುಂದೆಯೇ ಇಟ್ಟಳು. ರಸ್ತೆ ಅಗಲ ಮಾಡುವ ಮಾತು ನಡೆದಿತ್ತು; ಎಲೆಗೆ ಸುಣ್ಣ ಹಚ್ಚಿದ ಅವನ ಕೈ ತಾನಾಗಿ ಹಿಂದಿನ ಗೋಡೆಗೆ ಹೋಯಿತು.

ಗೆರೆ ಒಣಗಿ ಬೆಳ್ಳಗಾಗುವವರೆಗೂ ಸೀತಾ ಕಾದಳು. ಹುಡುಗನ ತಂದೆಯ ಕಣ್ಣು ಅಲ್ಲಿಗೆ ಹೋದ ಮೇಲೆ ತಾಯಿಯತ್ತ ಕೈ ತೋರಿ ಬಾಯಿಬಿಟ್ಟಳು.

"ಭಾವ, ಆಯಿ ಇನ್ನೂ ಸುಣ್ಣದ ಬಟ್ಟಲು ಮುಟ್ಟಿದ್ದಿಲ್ಲೆ. ಗೋಡೆಗೆ ಕವಳ ತಿನ್ನಿಸಿದ್ದು ಯಾರು?"

ಈ ಸಲ ಯಾರೂ ನಗಲಿಲ್ಲ. ನಾಗಪತಿ ಶಾಲಿನ ತುದಿಯಿಂದ ಗಸಗಸ ಉಜ್ಜಿದ. ಗೆರೆ ಹೋಗಿ ಅಂಗೈಯಗಲ ಬಿಳಿ ಹರಡಿತು. ಗೌರಕ್ಕ ತಡೆಯಲಾರದೆ ಒದ್ದೆ ಬಟ್ಟೆ ತರಲು ಎದ್ದಳು. ಸೀತಾ ರಟ್ಟೆ ಹಿಡಿದು ಕೂರಿಸಿದಳು.

"ಇರ್ಲಿ ಆಯಿ. ಮದ್ವೆಗೆ ಬಪ್ಪ ನೆಂಟ್ರೂ ನೋಡ್ಲಿ."