ಇನ್ನೊಬ್ಬಳು ಮೋಕ್ಷಿತಾ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಲ್ಲ ಅಂತ ಹೇಳಿ ಪ್ರಯೋಜನವಿಲ್ಲ, ನಮ್ಮೂರು ಕೊಕ್ಕರ್ಣೆಯಲ್ಲಿ ನನ್ನ ಅಮ್ಮನನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕೊರೊನಾ ಬಂದು ಶಾಲೆಗೆ ಬೀಗ ಬಿದ್ದು ಒಂಬತ್ತು ತಿಂಗಳಾಗಿದ್ದ ಆ ಡಿಸೆಂಬರಿನಲ್ಲಿ ನನ್ನ ಸಿಟ್ಟು ಎಂತ ಮಾಡಿಹಾಕಿತು ಅಂತ ಈಗ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೇ ಸಮಾಧಾನ ಇಲ್ಲ.

ನಾನು ಹರಿಣಾಕ್ಷಿ, ಉಪ್ಪುಂದದ ಹತ್ತಿರ ಕಡಲಬದಿಯ ಕಿರಿಯ ಪ್ರಾಥಮಿಕ ಶಾಲೆಯೊಂದರ ಟೀಚರು. ಮೂರನೇ ಕ್ಲಾಸಿನಲ್ಲಿ ಹತ್ತೊಂಬತ್ತು ಮಕ್ಕಳು, ಹೆಚ್ಚಿನವರು ಮೀನುಗಾರರ ಮನೆಯವರು. ಶಾಲೆ ಮುಚ್ಚಿದ ಮೇಲೆ ಎಲ್ಲ ಮನೆಯವರ ನಂಬರು ಹುಡುಕಿ ವಾಟ್ಸಾಪಿನಲ್ಲಿ ಒಂದು ಗ್ರೂಪು ಮಾಡಿದೆ. ಬೈಂದೂರಿನ ನನ್ನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕೂತು ದಿನಾ ಬೆಳಿಗ್ಗೆ ಪಾಠ ಓದಿ, ಧ್ವನಿ ರೆಕಾರ್ಡ್ ಮಾಡಿ ಕಳಿಸುವುದು. ಜೊತೆಗೆ ಒಂದು ಪುಟ ಹೋಂವರ್ಕ್. ಮಕ್ಕಳು ಬರೆದದ್ದರ ಫೋಟೋ ತೆಗೆದು ಮನೆಯವರು ಕಳಿಸಬೇಕು.

ಸುರುವಿಗೆ ಅರ್ಧಕ್ಕರ್ಧ ಮನೆಯಿಂದ ಸುದ್ದಿಯೇ ಇಲ್ಲ. ನನಗೆ ತಲೆ ಕೆಟ್ಟಿತು. ಇವರಿಗೆ ಮಕ್ಕಳ ಬಗ್ಗೆ ಚೂರಾದರೂ ಬೇಡವಾ ಅಂತ ಉರಿದುಕೊಂಡು, ಒಂದು ದಿನ ಗ್ರೂಪಿನಲ್ಲಿ ಹಾಕಿದೆ: "ಹೋಂವರ್ಕ್ ಕಳಿಸದವರ ಹೆಸರನ್ನು ಪ್ರತಿ ಶನಿವಾರ ಇಲ್ಲಿ ಪ್ರಕಟಿಸಲಾಗುವುದು." ಬರೀ ಹೆದರಿಸಿದ್ದಲ್ಲ, ಮೊದಲ ಶನಿವಾರವೇ ಏಳು ಹೆಸರು ಹಾಕಿದೆ. ಅದರಲ್ಲಿ ಮೋಕ್ಷಿತಾಳ ಹೆಸರೂ ಇತ್ತು.

ಮದ್ದು ನಾಟಿತು ಮಾರ್ರೆ! ಎರಡೇ ವಾರದಲ್ಲಿ ಹತ್ತೊಂಬತ್ತೂ ಮನೆಯಿಂದ ಉತ್ತರ ಬರತೊಡಗಿತು. ಹೆಡ್‌ಮಾಸ್ಟ್ರು ಅಣ್ಣಯ್ಯನವರು ಮೀಟಿಂಗಿನಲ್ಲಿ ಎಲ್ಲರ ಎದುರು "ನಮ್ಮ ಹರಿಣಾಕ್ಷಿ ಟೀಚರ್ದು ನೂರಕ್ಕೆ ನೂರು" ಅಂದರು. ನಾನು ಉಬ್ಬಿಹೋದೆ.

ಮೋಕ್ಷಿತಾಳದ್ದು ಮಾತ್ರ ಒಂದು ನಮೂನೆ ವಿಚಿತ್ರ. ಎಂಟೊಂಬತ್ತು ದಿನ ಏನೂ ಇಲ್ಲ, ಆಮೇಲೆ ಹಿಂದಿನ ವಾರದ್ದೆಲ್ಲ ಒಂದೇ ಸಲಕ್ಕೆ. ಅಕ್ಷರವೋ, ಮರಳಿನ ಮೇಲೆ ಏಡಿ ಓಡಿದ ಹಾಗೆ. ನಾನು ಸುಮ್ಮನೆ ಬಿಡುವವಳಾ? ಎಲ್ಲರಿಗೂ ಕೇಳುವ ಹಾಗೆ ಧ್ವನಿ ಕಳಿಸಿದೆ: "ಮೋಕ್ಷಿತಾ, ಎರಡನೇ ಕ್ಲಾಸಿನಲ್ಲಿ ಅಷ್ಟು ಚೆಂದ ಬರೀತಿದ್ದವಳು ನೀನು. ಈಗ ಕೈಗೆ ಎಂತ ಆಯ್ತು? ಹತ್ತು ಸಲ ಬರೆದು ಕಳಿಸು." ಮುಂದಿನ ವಾರ ಹತ್ತು ಸಲ ಬರೆದದ್ದು ಬಂತು. ನವೆಂಬರಿನ ಹೊತ್ತಿಗೆ ಅಕ್ಷರ ನೆಟ್ಟಗಾಯಿತು, ಮಗ್ಗಿಯಲ್ಲಿ ಒಂದು ತಪ್ಪಿಲ್ಲ. ನನಗೆ ಸಂತೋಷ ತಡೆಯಲಿಲ್ಲ. ಸ್ಟಾರ್ ಕೊಟ್ಟು, "ಎಲ್ಲರೂ ಮೋಕ್ಷಿತಾಳನ್ನು ನೋಡಿ ಕಲೀಬೇಕು" ಅಂತ ಧ್ವನಿ ಕಳಿಸಿದೆ.

ಡಿಸೆಂಬರಿನಲ್ಲಿ ಬಿಸಿಯೂಟದ ಬದಲಿಗೆ ಅಕ್ಕಿ, ಬೇಳೆ ಕೊಡುವ ದಿನ ಬಂತು. ಮನೆಯವರು ಚೀಲ ಹಿಡಿದುಕೊಂಡು ಅಂಗಳದಲ್ಲಿ ದೂರ ದೂರ ನಿಂತಿದ್ದರು. ಮೋಕ್ಷಿತಾಳ ಅಮ್ಮ ಸರೋಜ, ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವಳು, ಮಗಳನ್ನೂ ಕರೆದುಕೊಂಡು ಬಂದಿದ್ದಳು. ಮೊದಲೆಲ್ಲ ನನ್ನನ್ನು ಗೇಟಿನಲ್ಲಿ ಕಂಡರೆ ಓಡಿಬಂದು ಬ್ಯಾಗು ಹಿಡಿಯುತ್ತಿದ್ದ ಹುಡುಗಿ ಈಗ ಅಮ್ಮನ ಸೆರಗಿನ ಹಿಂದೆ ಸೇರಿಕೊಂಡಿತು.

ನಾನು ನಗುತ್ತಲೇ ಕೇಳಿದೆ, "ಸರೋಜಕ್ಕ, ಮಗಳು ಈಗ ಲಾಯ್ಕ್ ಬರೀತಾಳೆ. ಆದ್ರೆ ಎಂಟು ದಿನದ್ದು ಒಟ್ಟಿಗೆ ಕಳಿಸೂದ್ ಎಂತಕ್ಕೆ? ದಿನದ್ದು ದಿನ ಕಳಿಸಿದ್ರೆ ಆಗ್ದಾ?"

"ಎಂತ ಕಳ್ಸೂದ್ ಟೀಚರೇ?"

"ಹೋಂವರ್ಕ್! ನಿಮ್ಮ ಯಜಮಾನ್ರು ದೇವು ಅವರ ನಂಬರಿಂದ ಬತ್ತಲ್ಲ."

"ಫೋನ್ ಅವ್ರ್ ಹತ್ರವೇ ಇಪ್ದ್," ಅಂದಳು ಸರೋಜ. "ಅವ್ರ್ ಬೋಟಿಗ್ ಹೋರೆ ಎಂಟ್ ಹತ್ತ್ ದಿನ ಬತ್ತಿಲ್ಲೆ. ಮನಿಲಿ ಬೇರೆ ಫೋನ್ ಇಲ್ಲೆ. ಇವ್ಳಿಗೆ ನೀವ್ ಎಂತದೂ ಕಳ್ಸಲ್ಲೆ ಅಂದೇಳಿ ನಾನ್ ಬೇಜಾರ್ ಮಾಡ್ಕಂಡಿದ್ದೆ."

ಅಕ್ಕಿ ಅಳೆಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. "ಮತ್ತೆ ಬರೆದದ್ದು ಯಾರು? ಮೋಕ್ಷಿತಾ, ನೀನಲ್ವಾ?"

ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು. "ನಾನಲ್ಲ. ಅದ್ ಬೇರೆ ಮೋಕ್ಷಿತಾ."

"ಯಾವ ಬೇರೆ ಮೋಕ್ಷಿತಾ?"

"ನೀವ್ ಹೊಸ್ತ್ ಸೇರ್ಸ್ಕಂಡದ್. ಪಕ್ಕದ್ಮನಿ ಚಂದನಾನ ಬೇಲಿ ಹತ್ರ ನಿಂತ್ಕಂಡ್ ಕೇಂಡೆ, ಅವ್ಳ್ ಫೋನಲ್ಲಿ. ಸುರುವಿಗ್ ಅವ್ಳಿಗ್ ಬೈದ್ರಿ. ಆಮೇಲ್ ಅವ್ಳನ್ನ್ ಕಂಡ್ ಎಲ್ಲರೂ ಕಲೀಕ್ ಅಂದ್ರಿ." ಒಮ್ಮೆ ಮೂಗು ಎಳೆದುಕೊಂಡು ಹೇಳಿತು, "ನಾನ್ ಬರ್ಲಿಲ್ಲ ಅಲ್ದಾ, ಅದ್ಕೆ."

ಅಯ್ಯೋ ದೇವರೇ! ಪಕ್ಕದ ಮನೆಯವರು ಕೊರೊನಾದ ಹೆದರಿಕೆಗೆ ಯಾರ ಮಕ್ಕಳನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಈ ಮಗು ಬೇಲಿಯ ಆಚೆ ನಿಂತು ನನ್ನ ದನಿ ಕೇಳಿ, ತನ್ನ ಜಾಗಕ್ಕೆ ಇನ್ನೊಬ್ಬಳು ಬಂದಳು ಅಂತ ತಿಳಿದು, ತಿಂಗಳುಗಟ್ಟಲೆ ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿತ್ತು.

"ಬೇರೆ ಯಾರೂ ಇಲ್ಲ ಮಗಾ. ನೀನೊಬ್ಬಳೇ ಮೋಕ್ಷಿತಾ," ಅಂದೆ.

"ಹಂಗಾರೆ ಬರ್ದದ್ ಯಾರ್?"

ಅದು ನನ್ನ ಮುಖವನ್ನೇ ನೋಡಿತು, ಆಮೇಲೆ ಅಮ್ಮನ ಕೈ ಹಿಡಿದುಕೊಂಡು ಹೋಯಿತು. ಬರೆದವರು ಯಾರೆಂದು ತೋರಿಸದೆ ಆ ಹುಡುಗಿ ಇನ್ನು ನನ್ನ ಮಾತು ನಂಬುವುದಿಲ್ಲ, ನಾಳೆ ಶಾಲೆ ತೆರೆದರೂ ಖುಷಿಯಿಂದ ಒಳಗೆ ಬರುವುದಿಲ್ಲ ಅಂತ ನನಗೆ ಗೊತ್ತಾಯಿತು.

ದೇವುವಿನ ನಂಬರಿಗೆ ಎಷ್ಟು ಸಲ ಹಚ್ಚಿದರೂ ವ್ಯಾಪ್ತಿ ಪ್ರದೇಶದ ಹೊರಗೆ. ಬೋಟು ಬರಲು ಇನ್ನೂ ಆರು ದಿನವಿತ್ತು. ಆ ಆರು ದಿನ ಹಳೆಯ ಫೋಟೋಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಒಂದರ ಮೂಲೆಯಲ್ಲಿ ಬಲೆಯ ಹಗ್ಗ. ಇನ್ನೊಂದರಲ್ಲಿ ಪುಸ್ತಕ ಹಾರದ ಹಾಗೆ ಒತ್ತಿ ಹಿಡಿದ ದಪ್ಪ ಹೆಬ್ಬೆರಳು, ಉಗುರಿನ ಬದಿಗೆ ಒಣಗಿದ ಗಾಯ. ಎಂಟು ವರ್ಷದ ಹುಡುಗಿಯ ಬೆರಳಾ ಅದು? ನಾನು ತಪ್ಪು ಹುಡುಕುವುದರಲ್ಲೇ ಇದ್ದೆ, ಬೇರೆ ಏನನ್ನೂ ನೋಡಿರಲಿಲ್ಲ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಏಳನೇ ದಿನ ಮಧ್ಯಾಹ್ನ ದೇವು ಹೆಂಡತಿ, ಮಗಳ ಜೊತೆ ಶಾಲೆಗೆ ಬಂದ. ಬೋಟು ಬೆಳಿಗ್ಗೆ ಗಂಗೊಳ್ಳಿ ಬಂದರಿಗೆ ಬಂದಿತ್ತಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖಕ್ಕೆ ಮಾಸ್ಕು, ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ. ಜಗಲಿಯ ಕೆಳಗೇ ನಿಂತು ತೊಟ್ಟೆಯಿಂದ ಒಂದು ನೋಟ್‌ಪುಸ್ತಕ ತೆಗೆದು ಮೆಟ್ಟಿಲಿನ ಮೇಲಿಟ್ಟ.

"ತಪ್ಪಾಯ್ತ್ ಟೀಚರೇ. ಬರ್ದದ್ ನಾನೇ," ಅಂದ.

ಬೈಯಬೇಕು ಅಂತ ಆರು ದಿನದಿಂದ ಜೋಡಿಸಿಟ್ಟ ಮಾತು ಬಿಟ್ಟು "ಎಂತಕ್ಕೆ?" ಅಂತಷ್ಟೇ ಕೇಳಿದೆ.

"ನೀವ್ ಮಗಳ ಹೆಸ್ರ್ ಹಾಕಿದ್ರಿ ಅಲ್ದಾ, ಕಳ್ಸದವ್ರ ಲೆಕ್ಕದಲ್ಲಿ. ಊರವ್ರೆಲ್ಲ ಕಂಡ್ರ್. ನಂಗ್ ತಡ್ಕಂಬುಕೆ ಆಯ್ಲಿಲ್ಲ. ಪಾಠ ಹ್ಯಾಂಗೂ ಪಕ್ಕದ್ಮನಿ ಚಂದನಾನ ಒಟ್ಟಿಗ್ ಕಲೀತಾಳ್, ಕಳ್ಸೂದೊಂದ್ ನಾನ್ ಮಾಡುವ ಅಂದ್ಕಂಡೆ. ಬಂದರಿಗ್ ಬಂದ್ ಕೂಡ್ಲೆ ನಿಮ್ದೆಲ್ಲ ಒಟ್ಟಿಗ್ ಬತ್ತ್. ಮತ್ತೆ ಹೋಪತಿಗೆ ಬೋಟಲ್ಲಿ ಕೂತ್ಕಂಡ್ ಬರೂದ್, ತಿರ್ಗಿ ಬಂದ್ ಕೂಡ್ಲೆ ಕಳ್ಸೂದ್."

"ಮಗ್ಗಿಯೂ ನೀವೇ ಬರೆದದ್ದಾ?"

"ಏಳರ ಮಗ್ಗಿಗ್ ಬೋಟ್ ಡ್ರೈವರ್ ಲೀಲಾಧರಣ್ಣ ಹೇಳ್ಕೊಟ್ರ್." ದೇವು ತಲೆ ಕೆರೆದುಕೊಂಡ. "ನಾನ್ ಶಾಲಿ ಬಿಟ್ಟದ್ದೂ ಮೂರನೇ ಕ್ಲಾಸಿಗೇ. ಸುಳ್ಳ್ ಹೇಳುಕಾಗ, ಕಡಿಕಡಿಗ್ ನಂಗೇ ಖುಷಿ ಆಯ್ತ್. ನೀವ್ ಸ್ಟಾರ್ ಕೊಟ್ ದಿನ ಬೋಟವ್ರಿಗೆಲ್ಲ ನಾನೇ ಚಾ ಮಾಡಿದ್ದೆ."

ಸರೋಜ ಸೊಂಟಕ್ಕೆ ಕೈಯಿಟ್ಟಳು. "ಹ್ವಾಯ್! ಒಂದ್ ಸಹಿ ಹಾಕುಕೆ ಅರ್ಧ ತಾಸ್ ಮಾಡ್ವವ್ರ್ ನೀವ್. ಮಗಳ್ ಬೇಲಿ ಹತ್ರ ಅಳ್ತಾ ನಿಂತ್ಕಂಡಿದ್ರೆ, ಇಲ್ಲಿ ಅಪ್ಪಯ್ಯ ಸ್ಟಾರ್ ತಕಂತಿದ್ರಾ?"

"ಬೇಲಿ ಹತ್ರವಾ?" ಅಂದ ದೇವು. ಅವನಿಗೆ ಅದು ಗೊತ್ತೇ ಇರಲಿಲ್ಲ. ಮಗಳ ಕಡೆ ತಿರುಗಿ ತಲೆಯ ಮೇಲೆ ಕೈಯಿಟ್ಟ.

"ಅವರಿಗೆ ಹೇಳಬೇಡಿ ಸರೋಜಕ್ಕ," ಅಂದೆ. "ಹೆಸರು ಹಾಕಿ ಮಾನ ತೆಗೆದವಳು ನಾನು. ತಪ್ಪು ನಂದು." ಎಲ್ಲರ ಎದುರು ಅಷ್ಟು ಹೇಳಿದ ಮೇಲೆ ನನ್ನ ಎದೆಯೂ ಸ್ವಲ್ಪ ಹಗುರಾಯಿತು. ಆ ಹೊತ್ತಿಗೆ ಉಳಿದ ಮನೆಗಳನ್ನೂ ವಿಚಾರಿಸಿ ಆಗಿತ್ತು. ಇನ್ನೂ ನಾಲ್ಕು ಮನೆಯ ಫೋನು ಬೋಟಿನಲ್ಲೇ, ಆ ಮಕ್ಕಳ ಹೆಸರಿನಲ್ಲಿ ಬರುತ್ತಿದ್ದದ್ದು ಬೇರೆ ಊರಿನ ಅಕ್ಕನೋ ಚಿಕ್ಕಮ್ಮನೋ ತಮ್ಮ ಫೋನಿನಿಂದ ಬರೆದು ಕಳಿಸಿದ್ದು. ನನ್ನ ನೂರಕ್ಕೆ ನೂರು ಅಂದರೆ ಅದು. ಅಣ್ಣಯ್ಯ ಮಾಸ್ಟ್ರಿಗೆ ಅದನ್ನೂ ಹೇಳಿಯಾಗಿತ್ತು. "ಹದಿನಾಲ್ಕು ಅಂತ ಬರೆಯುವ ಹಂಗಾರೆ," ಅಂದಿದ್ದರು ಅಷ್ಟೆ.

ಫೋನಿಲ್ಲದ ಈ ಐದು ಮನೆಗೆ ಪಾಠ ಮುಟ್ಟಿಸುವುದು ಹ್ಯಾಂಗೆ ಅಂತ ನಾನು ಲೆಕ್ಕ ಹಾಕುತ್ತಿದ್ದರೆ ಸರೋಜ ಅಂದಳು, "ನೀವ್ ಕಾಗ್ದದಲ್ಲಿ ಬರ್ದ್ ಕೊಡಿ ಟೀಚರೇ. ದಿನಾ ಬೆಳಿಗ್ಗೆ ಮೀನ್ ಹೊತ್ಕಂಡ್ ಆ ಮನಿ ಬಾಗ್ಲಿಗೆಲ್ಲ ಹೋತೆ ಅಲ್ದಾ, ಕೊಟ್ಟಿಕೆ ಬತ್ತೆ. ಮಕ್ಳ್ ಬರ್ದದ್ದನ್ನ ಮರುದಿನ ತಕಂಬತ್ತೆ. ಬಂಗುಡೆ ವಾಸ್ನಿ ಬಂದ್ರೆ ಮಾತ್ರ ಬೈಬ್ಯಾಡಿ."

ಇಷ್ಟು ಹೊತ್ತೂ ಮೋಕ್ಷಿತಾ ಮೆಟ್ಟಿಲ ಮೇಲೆ ಕೂತು ಅಪ್ಪಯ್ಯನ ಪುಸ್ತಕವನ್ನು ಒಂದೊಂದೇ ಪುಟ ಮಗುಚುತ್ತಿತ್ತು. ಹತ್ತು ಸಲ ಬರೆದ ಪುಟದಲ್ಲಿ ನಿಂತು ಅಪ್ಪಯ್ಯನನ್ನು ನೋಡಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿತು.

"ಹಂಗಾರೆ ನನ್ ಜಾಗ ಹಂಗೇ ಇತ್ತಾ ಟೀಚರೇ?"

ನಾನು ಕೀಲಿ ತಂದು ಮೂರನೇ ಕ್ಲಾಸಿನ ಬಾಗಿಲು ತೆಗೆದೆ. ಒಳಗೆಲ್ಲ ಧೂಳು, ಜೇಡರ ಬಲೆ. ಎರಡನೇ ಕ್ಲಾಸಿನಲ್ಲಿ ಅವಳು ಕೂರುತ್ತಿದ್ದ ಹಾಗೇ, ಕಿಟಕಿಯ ಬದಿಯ ಎರಡನೇ ಬೆಂಚನ್ನು ನನ್ನ ಸೆರಗಿನಿಂದಲೇ ಒರೆಸಿದೆ. ಮೋಕ್ಷಿತಾ ಹೋಗಿ ಕೂತಿತು. ದೇವು ಬಾಗಿಲಿನಲ್ಲೇ ನಿಂತ.

ನಾನು ಬೋರ್ಡಿನ ಹತ್ತಿರ ಹೋಗಿ ನಿಂತು, ಮಾಸ್ಕಿನೊಳಗಿಂದಲೇ, ಅವಳನ್ನೇ ನೋಡುತ್ತಾ ಹೆಸರು ಕರೆದೆ. "ಮೋಕ್ಷಿತಾ."

ಹುಡುಗಿ ಬಾಗಿಲ ಕಡೆ ತಿರುಗಿ ಅಪ್ಪಯ್ಯನ ಮುಖವನ್ನೇ ನೋಡಿತು. ತನ್ನ ಬದಲಿಗೆ ಅವನು ಹೇಳುವುದಿಲ್ಲ ಅಂತ ಖಾತ್ರಿಯಾದ ಮೇಲೆ ಎದ್ದು ನಿಂತು, "ಹಾಜರ್ ಟೀಚರ್" ಅಂದಿತು.