ಕೇಳಿಸಿದರೆ ಗುಂಡಿ ಒತ್ತಿ

‘ಇನ್ನೂ ಶಬ್ದ ಕೊಟ್ಟೇ ಇಲ್ಲ ಅಜ್ಜ. ಯಾಕೆ ಒತ್ತಿದ್ರಿ?’

ಗಾಜಿನ ಆಚೆ, ಕಿವಿ ಪರೀಕ್ಷೆಯ ಬೂತಿನೊಳಗೆ ಗೋಡೆಗೆ ಮುಖ ಮಾಡಿ ಕೂತಿದ್ದ ಮುದುಕ ಮತ್ತೆ ಗುಂಡಿ ಒತ್ತಿದ. ಈಚೆ ಮೇಜಿನ ಮೇಲೆ ಕೆಂಪು ದೀಪ ಹತ್ತಿತು. ದೀಪ ಹತ್ತಿದರೆ ಕೇಳಿಸಿತು ಎಂದರ್ಥ. ಕಿವುಡ ಅನ್ನಿಸಿಕೊಳ್ಳುವ ಭಯಕ್ಕೆ ಸುಮ್ಮಸುಮ್ಮನೆ ಒತ್ತುವವರು ದಿನಕ್ಕೊಬ್ಬರಾದರೂ ಇರುತ್ತಾರೆ. ಈಚೆ ಕೂತು ಪರೀಕ್ಷೆ ಮಾಡುವ ಅವನಿಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಈಚೆಗೆ ಅವನಿಗೆ ಏನೂ ಬರುತ್ತಿರಲಿಲ್ಲ.

ಬೆಳಿಗ್ಗೆ ಹೆಂಡತಿ ಸೂಟ್‌ಕೇಸಿನ ಜಿಪ್ ಎಳೆಯುತ್ತ ಹೇಳಿದ್ದಳು: ‘ಮೂರು ಗಂಟೆ ರೈಲಿಗೆ ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ. ಹೋಗ್ಬೇಡ ಅಂತ ಒಂದೇ ಒಂದು ಮಾತು ಹೇಳಿ, ಇಲ್ಲೇ ಬಿದ್ದಿರ್ತೀನಿ.’

‘ನೋಡೋಣ,’ ಎಂದಿದ್ದ.

‘ಏನ್ರೀ ನೋಡೋದು? ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಯ್ತು ನಂಗೆ.’

ಅವನು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಬಂದಿದ್ದ. ಆ ಒಂದು ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಇತ್ತು. ಅವಳು ಹೋದರೆ ತಾನು ಸತ್ತಂತೆಯೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಜ್ಜ ಹೋದ ಮೇಲೆ ಊಟದ ಹೊತ್ತಾಯಿತು. ಅವನು ಡಬ್ಬಿ ಬಿಚ್ಚಲಿಲ್ಲ. ಬೂತಿನೊಳಗೆ ಹೋಗಿ ದಪ್ಪ ಬಾಗಿಲು ಎಳೆದುಕೊಂಡ. ಒಳಗೆ ಕೊಲೆಯಾದರೂ ಹೊರಗೆ ಕೇಳದಂಥ ಕೋಣೆ. ರೋಗಿಯ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡ. ಗುಂಡಿ ತಾನಾಗಿ ಕೈಗೆ ಬಂತು. ಫೋನಿನಲ್ಲಿ ಹಾಕಿದ್ದು ಬಾಮೈದ ಕೊಟ್ಟ ರಾಕ್ ಆಲ್ಬಮ್. ‘ಕೇಳಿ ಭಾವ, ಮೈ ಜುಮ್ ಅನ್ನತ್ತೆ’ ಎಂದಿದ್ದ. ಆವತ್ತಿನಿಂದ ದಿನವೂ ಇದೇ ಊಟ.

ಶುದ್ಧ ಆರ್ಭಟ. ಪಿಸುಮಾತಿನಲ್ಲಿ ಶುರು ಮಾಡಿದ ಗಾಯಕ ಮೂರನೆಯ ಸಾಲಿಗೆ ಮನೆಗೆ ಬೆಂಕಿ ಬಿದ್ದವನ ಹಾಗೆ ಅರಚುತ್ತಿದ್ದ. ಸಾಲದೆಂದು ಗಿಟಾರುಗಳ ದಂಡು, ಅದರ ಮೇಲೆ ಆರ್ಗನ್, ಅದೂ ಸಾಲದೆ ಊರು ತುಂಬುವಷ್ಟು ಜನರ ಕೋರಸ್. ಪ್ರತಿ ಹಾಡೂ ಇನ್ನು ಲೋಕವೇ ಇಲ್ಲ ಎಂಬಂತೆ ಮುಗಿಯುತ್ತಿತ್ತು. ಮುಂದಿನದು ನಾಚಿಕೆಯಿಲ್ಲದೆ ಶುರುವಾಗುತ್ತಿತ್ತು. ನಕ್ಷತ್ರ ಕಿತ್ತು ತರುತ್ತಾನಂತೆ, ಸಮುದ್ರ ಕುಡಿಯುತ್ತಾನಂತೆ. ಏನು ಬಡಾಯಿ! ಓದಿಕೊಂಡವರು ಇಂಥದ್ದಕ್ಕೆ ನಗಬೇಕು. ಅವನೂ ನಗುತ್ತಿದ್ದ, ಕಣ್ಣು ಒದ್ದೆಯಾಗುತ್ತಿತ್ತು. ತನ್ನ ಪಾಲಿನ ಕೂಗನ್ನೂ ಆ ಪುಣ್ಯಾತ್ಮನೇ ಕೂಗುತ್ತಿದ್ದಾನೆ ಎನ್ನಿಸಿ ಹಾಯೆನಿಸುತ್ತಿತ್ತು. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಹೆಬ್ಬೆರಳು ಗುಂಡಿ ಒತ್ತುತ್ತಿತ್ತು.

ಕೊನೆಯ ಹಾಡಿನಲ್ಲಿ ಎಲ್ಲವೂ ಒಟ್ಟಿಗೆ ಏರಿ ಬಂತು. ಅವನ ಬಾಯಿ ತೆರೆಯಿತು.

‘ಹೋಗ್ಬೇಡ! ಹೋಗ್ಬೇಡ ಕಣೇ!’

ನಿಜವಾಗಿಯೂ ಕಿರುಚಿದ್ದ, ಗಂಟಲು ಉರಿಯಿತು. ಆಗಲೇ ತಾಳ ತಪ್ಪಿಸಿ ಧಡ್ ಧಡ್ ಎಂದು ಕೆಲವು ಪೆಟ್ಟುಗಳು ಬೆನ್ನಿಗೇ ಬಂದು ತಾಗಿದವು. ಅಬ್ಬಾ, ಬಾರಿಸುವವನೆಂದರೆ ಇವನು! ಇಷ್ಟು ದಿನ ಇದನ್ನು ಹೇಗೆ ಗಮನಿಸಲಿಲ್ಲ? ಆ ಪೆಟ್ಟುಗಳಿಗೂ ಗುಂಡಿ ಒತ್ತಿದ.

ಹೊರಗೆ ಬಂದಾಗ ಹೆಜ್ಜೆ ಹಗುರವಾಗಿತ್ತು. ಈಗಲೇ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದುಕೊಂಡ. ರಿಸೆಪ್ಷನಿಸ್ಟ್ ಮೇಜಿನ ಹತ್ತಿರ ನಿಂತಿದ್ದಳು.

‘ಮೇಡಂ ಬಂದಿದ್ರು ಸರ್.’

‘ಯಾವ ಮೇಡಂ?’

‘ಅಯ್ಯೋ, ನಿಮ್ಮನೆಯವರು! ಸೂಟ್‌ಕೇಸ್ ಹಿಡ್ಕೊಂಡೇ ಬಂದಿದ್ರು. ಬೂತಿನ ಬಾಗಿಲು ಬಡಿದ್ರು, ಕೂಗಿದ್ರು. ನಿಮ್ಮ ಬೆನ್ನು ಈ ಕಡೆಗಿತ್ತಲ್ಲ. ಈ ದೀಪ ಯಾಕೆ ಹತ್ತತ್ತೆ ಅಂತ ಕೇಳಿದ್ರು.’

‘ಏನಂದ್ರಿ?’

‘ಒಳಗಿರೋರಿಗೆ ಕೇಳಿಸ್ತಿದೆ ಅಂತ ಅರ್ಥ ಮೇಡಂ, ಅಂದೆ. ಇನ್ನೊಂದ್ಸಲ ಬಡಿದ್ರು. ಮತ್ತೆ ಹತ್ತಿತು. ಸರಿ ಹಾಗಾದ್ರೆ, ಅಂತ ಹೊರಟುಹೋದ್ರು.’

ಅವನು ಗೋಡೆ ಗಡಿಯಾರ ನೋಡಿದ.

‘ಈಗ ಓಡಿದ್ರೆ ಸ್ಟೇಷನ್ನಲ್ಲಿ ಸಿಕ್ತಾರೆ ಸರ್. ಓಡಿ!’

‘ನೋಡೋಣ.’

ಕಾಲು ಬೀದಿಯ ಕಡೆಗೇ ತಿರುಗಿತ್ತು, ಹೋದದ್ದು ಬೂತಿಗೆ. ಈ ಸಲ ಕುರ್ಚಿಯನ್ನು ಗಾಜಿನ ಕಡೆಗೆ ತಿರುಗಿಸಿ ಕೂತ. ಕೊನೆಯ ಹಾಡನ್ನೇ ಹಾಕಿದ. ಗಿಟಾರು, ಆರ್ಗನ್, ಕೋರಸ್ ತಪ್ಪದೆ ಬಂದವು. ಆ ಪೆಟ್ಟುಗಳ ಜಾಗ ಬಂತು. ಪೆಟ್ಟುಗಳು ಇರಲಿಲ್ಲ. ಹಿಂದಕ್ಕೆ ಸರಿಸಿ ಮತ್ತೆ ಹಾಕಿದ. ಇರಲಿಲ್ಲ.

ಗಾಜಿನಾಚೆ ರಿಸೆಪ್ಷನಿಸ್ಟ್ ಗೋಡೆ ಗಡಿಯಾರ ತೋರಿಸುತ್ತ ಏನೋ ಕೂಗುತ್ತಿದ್ದಳು. ಬಾಯಿ ಮಾತ್ರ ಆಡುತ್ತಿತ್ತು. ಅವಳನ್ನೇ ನೋಡುತ್ತ ಅವನು ಗುಂಡಿ ಒತ್ತಿದ. ಅವಳ ಪಕ್ಕದಲ್ಲಿ ಕೆಂಪು ದೀಪ ಹತ್ತಿತು.