ನೆಟ್ಟಗಾದ ನಡಿಗೆ

ಚಿತಾಗಾರದ ಮೆಟ್ಟಿಲು ಹತ್ತುವಷ್ಟರಲ್ಲೇ ಅಕ್ಕನಿಗೆ ಗೊತ್ತಾಗಿಹೋಯಿತು, ಯಾರೋ ಹುಡುಗಿಯೊಬ್ಬಳ ಕಣ್ಣು ತನ್ನ ಕಾಲ ಮೇಲೇ ಇದೆ. ಎಡಗಾಲು ಎಳೆದು ನಡೆಯುವುದು ಹುಟ್ಟಿನಿಂದ ಬಂದದ್ದು. ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ವಯಸ್ಸೂ ದಾಟಿತ್ತು. ಆದರೂ, ತಮ್ಮನನ್ನು ಕಳಿಸಿಕೊಡುವ ದಿನ ಕೂಡ ಇದೇನಾ?

ತಮ್ಮನನ್ನು ಒಳಗೆ ಒಯ್ದು ಕಬ್ಬಿಣದ ಬಾಗಿಲು ಹಾಕಿದರು. ಉಳಿದವರು ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಉಳಿದವರೆಂದರೆ ಅವಳು, ತಮ್ಮನಿದ್ದ ಮನೆಯ ಮಾಲೀಕ, ಮತ್ತೆ ಯೂನಿವರ್ಸಿಟಿಯಿಂದ ಬಂದ ಒಂದಷ್ಟು ಮಕ್ಕಳು, ಆ ಹುಡುಗಿಯೂ ಸೇರಿ.

"ಅಂಥ ಬಾಡಿಗೆದಾರ ಸಿಗಲ್ಲ ಬಿಡಿ," ಎಂದ ಮಾಲೀಕ. "ಇದ್ದಾರೋ ಇಲ್ವೋ ಅಂತ ನಾನೇ ಒಂದೊಂದ್ಸಲ ಬಾಗಿಲಿಗೆ ಕಿವಿ ಇಟ್ಟು ನೋಡ್ತಿದ್ದೆ. ಊಟಕ್ಕೆ ಅವರಿಗೇನು ಇಷ್ಟ ಇತ್ತಮ್ಮ? ನನ್ ಹೆಂಡ್ತಿ ಕೇಳ್ತಾನೇ ಇದ್ಲು."

ಅದು ಅಕ್ಕನಿಗೂ ಗೊತ್ತಿರಲಿಲ್ಲ.

ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಅವನು ತಕ್ಕಡಿ ರಿಪೇರಿಯ ಕೆಲಸ ಹಿಡಿದು ಈ ಊರಿಗೆ ಬಂದ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ಜೋಡಿಸುತ್ತ ಕೂತಳು. ಅಕ್ಕತಮ್ಮನ ಫೋನು ಮಾತ್ರ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆಗುತ್ತ ನಿಂತೇಹೋಯಿತು. ನನ್ನ ನೆನಪಾದರೂ ಇತ್ತೇ ಇವನಿಗೆ? ಬಸ್ಸಿನುದ್ದಕ್ಕೂ ಅವಳು ಕೇಳಿಕೊಂಡದ್ದು ಅದೊಂದೇ. ಹೇಳಬೇಕಾದವನು ಈಗ ಬಾಗಿಲಿನಾಚೆ.

*

ಇಬ್ಬರೂ ಒಂದೇ ಮನೆಯಲ್ಲಿದ್ದ ಕಾಲ, ಅವನಿಗಿನ್ನೂ ಇಪ್ಪತ್ತೂ ತುಂಬಿರಲಿಲ್ಲ. ಯಾರೋ ಮಾರಿದ ಪುಟ್ಟ ಕಂಪ್ಯೂಟರ್ ತಂದು ಕೋಣೆ ಸೇರಿಕೊಂಡಿದ್ದ. ಅದರಲ್ಲಿ ಆಡುವ ಆಟ ಬರೆಯುತ್ತೇನೆ ಅನ್ನುತ್ತಿದ್ದ. ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಟ್ಟ ಆಟ ಯಂತ್ರದೊಳಗೆ ಇಳಿಯುವಾಗ ಮನೆಯೆಲ್ಲ ಕೀಂ, ಕರ್ ಅಂತ ಕಿರುಚಾಟ.

"ಊಟ ಆರಿಹೋಗುತ್ತೆ ಕಣೋ!"

"ಐದೇ ನಿಮಿಷ ಅಕ್ಕಾ!"

ಆ ಐದು ನಿಮಿಷ ಯಾವತ್ತೂ ಮುಗಿಯುತ್ತಿರಲಿಲ್ಲ. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಅವಳು ಕೆಲಸಕ್ಕೆ ಹೋಗುತ್ತಿದ್ದಳು. ವಾಪಸು ಬಂದರೆ ಖಾಲಿ ತಟ್ಟೆ, ಮುಚ್ಚಿದ ಬಾಗಿಲು.

*

"ಅಜ್ಜಿ, ತಪ್ಪು ತಿಳ್ಕೋಬೇಡಿ," ಎನ್ನುತ್ತ ಹುಡುಗಿ ಪಕ್ಕದ ಕುರ್ಚಿಗೆ ಬಂದಳು. "ನಿಮ್ಮ ಕಾಲು ನೋಡ್ತಿದ್ದೆ."

"ನೋಡಿದ್ದಾಯ್ತಲ್ಲ? ಇನ್ನೊಂದು ಸುತ್ತು ನಡೆದು ತೋರಿಸ್ಲಾ?"

ಹುಡುಗಿಯ ಕಣ್ಣು ತುಂಬಿಕೊಂಡಿತು. ತಮ್ಮನನ್ನು ಆ ಮಕ್ಕಳು ತಾತ ಅನ್ನುತ್ತಿದ್ದರು. ತಾತ ಬರೆದ ಆಟದ ಕ್ಯಾಸೆಟ್ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತಂತೆ. ಅದಕ್ಕೆ ಜೀವ ತುಂಬಲು ಅವರೆಲ್ಲ ಗುಂಪು ಮಾಡಿಕೊಂಡಿದ್ದರಂತೆ: ಚಿತ್ರಕ್ಕೊಂದು, ಸದ್ದಿಗೊಂದು, ಪ್ರೋಗ್ರಾಮಿಗೊಂದು. ಇವರು ಮನೆ ಹುಡುಕಿಕೊಂಡು ಹೋದಾಗಿನಿಂದ ತಾತನೂ ಬಂದು ಸುಮ್ಮನೆ ಕೂತು ನೋಡುತ್ತಿದ್ದರಂತೆ.

"ನಂದು ಚಿತ್ರದ ಗುಂಪು. ಆಟದಲ್ಲಿ ಒಬ್ಬಳು ಹೆಂಗಸು, ನಡೆಯುವಾಗ ಒಂದು ಹೆಜ್ಜೆ ತಡವರಿಸ್ತಾಳೆ. ನಡುವೆ ಒಂದು ಚಿತ್ರ ಕಳೆದುಹೋಗಿದೆ ಅನ್ಕೊಂಡು ನಾವೇ ಬರೆದು ಸೇರಿಸಿ ನಡಿಗೆ ನೆಟ್ಟಗೆ ಮಾಡಿಬಿಟ್ವಿ. ಕೈಯಲ್ಲಿ ಬಿಳಿ ಮುದ್ದೆ ಥರ ಏನೋ ಇತ್ತು, ಅದನ್ನ ಗುರಾಣಿ ಮಾಡಿದ್ವಿ. ತಾತ ನೋಡಿ ನಕ್ಕರು. 'ಇರ್ಲಿ ಬಿಡಿ ಪಾಪ, ಈಗಲಾದ್ರೂ ಆರಾಮಾಗಿ ನಡೀಲಿ' ಅಂದ್ರು."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಹಳೇದು ಇದೆಯಾ? ನೀವು ಕೈ ಹಾಕೋಕ್ಕಿಂತ ಮುಂಚಿನದು?"

ಬ್ಯಾಗಿನಿಂದ ಲ್ಯಾಪ್‌ಟಾಪ್ ಹೊರಬಂತು. ಉದ್ದ ಜಡೆಯ, ಹೆಬ್ಬೆರಳೆತ್ತರದ ಹೆಂಗಸೊಬ್ಬಳು ಎಡಗಾಲೆಳೆಯುತ್ತ ಬಂದು ಬಾಗಿಲೊಂದರ ಮುಂದೆ ನಿಂತಳು.

"ಇಲ್ಲೇ ಅಜ್ಜಿ, ಸಿಕ್ಕಾಕ್ಕೊಳ್ಳೋದು," ಪ್ರೋಗ್ರಾಮ್ ಗುಂಪಿನ ಉದ್ದನೆಯ ಹುಡುಗ ಹಿಂದಿನಿಂದ ಬಗ್ಗಿದ. "ಎಷ್ಟು ಬಡಿದ್ರೂ ತೆಗೆಯಲ್ಲ. ನಮ್ಮ ಗುಂಪು ತಿಂಗಳಿಂದ ಒದ್ದಾಡ್ತಿದೆ. ತಾತನ್ನ ಕೇಳಿದ್ರೆ, 'ಐದೇ ನಿಮಿಷ' ಅಂತ ಹೇಳಿ ಎದ್ದು ಹೋಗ್ತಿದ್ರು."

"ಬಡೀಬೇಡಪ್ಪ," ಎಂದಳು ಅಕ್ಕ. "ತಟ್ಟೆ ಅಲ್ಲಿಟ್ಟು ಹೊರಟುಬಿಡು."

"ಯಾವ ತಟ್ಟೆ?"

"ಅದೇ, ನಿಮ್ಮ ಗುರಾಣಿ."

ಗುರಾಣಿಯನ್ನು ಯಾರಾದರೂ ಕೆಳಗಿಡುತ್ತಾರೆಯೇ ಎಂದು ಅವರು ಕೈಯದನ್ನು ಇಳಿಸುವ ಗುಂಡಿಯನ್ನು ಅಲ್ಲಿ ಒತ್ತಿಯೇ ಇರಲಿಲ್ಲ. ಹುಡುಗಿ ಒತ್ತಿದಳು. ಪುಟ್ಟ ಹೆಂಗಸು ಬಗ್ಗಿ ಬಿಳಿಯದನ್ನು ಹೊಸ್ತಿಲಲ್ಲಿಟ್ಟಳು. ತಿರುಗಿದಳು. ಕಾಲೆಳೆಯುತ್ತ, ತಡವರಿಸುತ್ತ, ಪರದೆಯ ಅಂಚಿನವರೆಗೂ ಹೋದಳು. ಜಡೆಯ ತುದಿಯೂ ಮರೆಯಾದ ಮೇಲೆ ಬಾಗಿಲು ತೆರೆಯಿತು.

ಹಳದಿ ಬೆಳಕಿನಲ್ಲಿ ಒಬ್ಬ ಹುಡುಗ ಹೊರಬಂದ. ತಟ್ಟೆಯ ಕಡೆ ನೋಡಲಿಲ್ಲ. ಅವಳು ಹೋದ ದಿಕ್ಕಿಗೆ ಮುಖ ಮಾಡಿ ಹಾಗೇ ನಿಂತ.